ಬೆಂಗಳೂರಿನಲ್ಲಿ ಬೆಳೆಯುವ ಮಕ್ಕಳಿಗೆ ಕಗಾವದ ಅಜ್ಜಿಮನೆ: ನಾವು ಅನುಸರಿಸಿದ ಕ್ರಮ

ತಾಯಿ ಜಪಾನಿನವರು, ತಂದೆ ಕನ್ನಡಿಗರು, ಮನೆ ಬೆಂಗಳೂರು. ಇಂಥ ಮನೆಗಳಲ್ಲಿ ಮಕ್ಕಳಿಗೆ ಜಪಾನಿ ಸಂಸ್ಕೃತಿ ಕಲಿಸಲು ಹೊರಟವರು ಸಾಮಾನ್ಯವಾಗಿ ಒರಿಗಾಮಿ, ಕಿಮೋನೊ, ಸುಶಿಯಿಂದ ಶುರುಮಾಡುತ್ತಾರೆ. ಮಾಡಲಿ, ಆದರೆ ಅವು ಯಾರ ಮನೆಯವೂ ಅಲ್ಲ. ಧಾರವಾಡದ ಮನೆಯ ಹಬ್ಬಕ್ಕೂ ಪುತ್ತೂರಿನ ಮನೆಯ ಹಬ್ಬಕ್ಕೂ ಎಷ್ಟು ಅಂತರವೋ ಜಪಾನಿನ ಎರಡು ಸೀಮೆಗಳ ನಡುವೆಯೂ ಅಷ್ಟೇ ಅಂತರವಿದೆ. ಮಗುವಿನಲ್ಲಿ ನಿಲ್ಲುವುದು ಒಂದು ನಿರ್ದಿಷ್ಟ ಮನೆಯ ಹೆಸರುಗಳು, ಆ ಮನೆಯ ದನಿ, ಆ ಮನೆಯ ಸಾರು. ನನ್ನ ಹೆಂಡತಿಯ ತವರು ಶಿಕೊಕು ದ್ವೀಪದ ಕಗಾವ. ಹಾಗಾಗಿ ಇಲ್ಲಿನ ಅಡುಗೆ, ಮಾತು, ಘಟನೆಗಳೆಲ್ಲ ಅಲ್ಲಿಯವು. ನಿಮ್ಮದು ಅಕಿತಾ ಅಥವಾ ಕಾಗೊಶಿಮಾ ಆದರೆ ವಿವರ ಬೇರೆಯಾಗುತ್ತದೆ, ಕೆಲಸದ ಕ್ರಮ ಇದೇ.

ಗಡುವು ಇರುವ ಕಾಗದ ಮೊದಲು

ನೆನಪಿನ ಕೆಲಸ ಯಾವಾಗ ಬೇಕಾದರೂ ಶುರುಮಾಡಬಹುದು. ಜನನದ ವರದಿಗೆ ಮಾತ್ರ ಗಡುವಿದೆ. ಭಾರತದಲ್ಲಿ ಹುಟ್ಟಿ, ಹುಟ್ಟಿನಿಂದಲೇ ಭಾರತದ ಪೌರತ್ವವೂ ಬಂದ ಮಗುವಿಗೆ ಜಪಾನಿನ ರಾಷ್ಟ್ರೀಯತೆ ಉಳಿಯಬೇಕಾದರೆ ಹುಟ್ಟಿದ ದಿನವನ್ನೂ ಸೇರಿಸಿ 3 ತಿಂಗಳೊಳಗೆ ಜಪಾನಿನ ಕಾನ್ಸುಲೇಟಿಗೋ ಅಲ್ಲಿನ ನಗರ ಕಚೇರಿಗೋ ಜನನ ವರದಿ ಸಲ್ಲಬೇಕು. ಅಕ್ಟೋಬರ್ 23ರಂದು ಹುಟ್ಟಿದರೆ ಕೊನೆಯ ದಿನ ಜನವರಿ 22. ವರದಿ ಕೊಟ್ಟರಷ್ಟೇ ಸಾಲದು. ಅದೇ ನಮೂನೆಯಲ್ಲಿ ‘ರಾಷ್ಟ್ರೀಯತೆಯನ್ನು ಉಳಿಸಿಕೊಳ್ಳುತ್ತೇವೆ’ ಎಂಬ ಘೋಷಣೆಯೂ ಸಹಿಯೂ ಇರಬೇಕು. ಇಲ್ಲದಿದ್ದರೆ ಹುಟ್ಟಿದ ದಿನದಿಂದಲೇ ರಾಷ್ಟ್ರೀಯತೆ ಹೋದಂತೆ. 18 ತುಂಬುವ ಮೊದಲು ಜಪಾನಿನಲ್ಲಿ ವಾಸದ ವಿಳಾಸ ಮಾಡಿಕೊಂಡರೆ ಮರಳಿ ಪಡೆಯುವ ದಾರಿ ಇದೆ, ಆದರೆ ಅದಕ್ಕಾಗಿ ಸಂಸಾರವನ್ನೇ ಎತ್ತಿಕೊಂಡು ಹೋಗಬೇಕಾಗುತ್ತದೆ.

ಇಲ್ಲಿ ಎಡವುವುದು ಒಂದು ಸಣ್ಣ ವಿಷಯಕ್ಕೆ. ಜಪಾನಿನ ನಮೂನೆಯಲ್ಲಿ ಹುಟ್ಟಿದ ಗಂಟೆ, ನಿಮಿಷ ಕೇಳುತ್ತಾರೆ. ನಮ್ಮ ಜನನ ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ದಿನಾಂಕ ಮಾತ್ರ ಇರುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗಲೇ ಸಮಯ ಬರೆದ ಕಾಗದ, ಮೊಹರು, ವೈದ್ಯರ ಸಹಿ ಪಡೆದಿಡಿ. ಭಾರತ ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಮಗುವಿಗೆ ಯಾವ ದೇಶದ ಪಾಸ್‌ಪೋರ್ಟ್ ಎಂಬುದನ್ನು ಈ ಕಾನೂನು ಬಲ್ಲ ವಕೀಲರನ್ನು ಕೇಳಿಯೇ ತೀರ್ಮಾನಿಸಿ. ಸ್ನೇಹಿತರ ವಾಟ್ಸಾಪ್ ಸಲಹೆ ನಂಬುವ ವಿಷಯವಲ್ಲ ಇದು.

ಕೊಸೆಕಿ: ಮನೆತನದ ದಾಖಲೆಯನ್ನು ಹಿಂದಕ್ಕೆ ಹಿಡಿದು ಹೋಗುವುದು

ಜಪಾನಿನಲ್ಲಿ ಜನನ, ಮದುವೆ, ದತ್ತು, ಮರಣಗಳೆಲ್ಲ ಕೊಸೆಕಿ ಎಂಬ ಕುಟುಂಬ ದಾಖಲೆಯಲ್ಲಿ ಸೇರುತ್ತವೆ. ಅದು ಇರುವುದು ಹೊನ್‌ಸೆಕಿ ಎಂಬ ಮೂಲ ವಿಳಾಸದ ಊರಿನಲ್ಲಿ. ಈಗ ವಾಸವಿರುವ ಊರಿಗೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಮದುವೆಯಾದಾಗ ಗಂಡಹೆಂಡತಿಗೆ ಹೊಸ ಕೊಸೆಕಿ ತೆರೆಯುತ್ತದೆ, ಹಳೆಯದರಲ್ಲಿ ಅವರ ಹೆಸರಿಗೆ ಗೆರೆ ಬೀಳುತ್ತದೆ. ಹಾಗಾಗಿ ಹುಡುಕಾಟ ಒಂದೊಂದೇ ಮೆಟ್ಟಿಲು ಹಿಂದಕ್ಕೆ: ಹೆಂಡತಿಯ ಈಗಿನ ಕೊಸೆಕಿಯಲ್ಲಿ ‘ಎಲ್ಲಿಂದ ಬಂದವರು’ ಎಂದು ಬರೆದಿರುತ್ತದೆ, ಅದನ್ನು ಹಿಡಿದು ಅವರ ತಂದೆಯದು, ಆಮೇಲೆ ಅಜ್ಜನದು.

ಸದ್ಯದ ಕೊಸೆಕಿಯ ಪ್ರತಿಗೆ 450 ಯೆನ್. ಎಲ್ಲರ ಹೆಸರೂ ತೆಗೆದುಹೋಗಿ ಮುಚ್ಚಿದ್ದಕ್ಕೆ ಮತ್ತು ನಮೂನೆ ಬದಲಾದಾಗ ಕೈಬಿಟ್ಟ ಹಳೆಯ ಪ್ರತಿಗೆ 750 ಯೆನ್. ಈ ಕೊನೆಯದನ್ನು ಕಚೇರಿಯವರು ‘ಹರಕೊಸೆಕಿ’ ಅನ್ನುತ್ತಾರೆ. ಸದ್ಯದ್ದಕ್ಕೂ ಹಳೆಯದಕ್ಕೂ ‘ಗೆನ್‌ಕೊಸೆಕಿ’ ಎಂಬ ಒಂದೇ ಉಚ್ಚಾರ ಬರುವುದರಿಂದ ಕೌಂಟರಿನಲ್ಲಿ ‘ಹರಕೊಸೆಕಿ’ ಅಂದರೆ ಗೊಂದಲವಿಲ್ಲ. ‘ಸಿಗುವಷ್ಟು ಹಿಂದಿನವರೆಗೆ ಎಲ್ಲವೂ ಬೇಕು’ ಎಂದು ಬಾಯಿಬಿಟ್ಟು ಹೇಳಬೇಕು. ಸುಮ್ಮನೆ ಕೊಸೆಕಿ ಕೇಳಿದರೆ ಸದ್ಯದ್ದೊಂದನ್ನು ಕೊಟ್ಟು ಕಳಿಸುತ್ತಾರೆ.

ಪಡೆಯಬಹುದಾದ ಅತಿ ಹಳೆಯ ನಮೂನೆ 1886ರದು. ಆಗ ಬದುಕಿದ್ದ ಮುದುಕರ ಹೆಸರೂ ಅದರಲ್ಲಿ ಇರುವುದರಿಂದ 19ನೆಯ ಶತಮಾನದ ಮೊದಲರ್ಧದಲ್ಲಿ ಹುಟ್ಟಿದವರವರೆಗೂ ತಲುಪಬಹುದು. ಅದಕ್ಕೂ ಹಿಂದಿನ 1872ರ ದಾಖಲೆಯಲ್ಲಿ ಹಳೆಯ ಸಾಮಾಜಿಕ ಶ್ರೇಣಿಯ ಗುರುತುಗಳಿದ್ದು, ಮದುವೆ ಮತ್ತು ನೌಕರಿಯ ಸಂದರ್ಭದಲ್ಲಿ ಜಾತಿ ಹುಡುಕುವಂಥ ದುರ್ಬಳಕೆ ನಡೆದಿದ್ದರಿಂದ 1968ರಿಂದ ಅದು ಯಾರಿಗೂ ಸಿಗುವುದಿಲ್ಲ. ಮುಚ್ಚಿದ ಕೊಸೆಕಿಯನ್ನು ಈಗ 150 ವರ್ಷ ಇಡುತ್ತಾರೆ. 2010ರವರೆಗೆ ಆ ಅವಧಿ 80 ವರ್ಷ ಮಾತ್ರ ಇತ್ತು, ಅಷ್ಟರಲ್ಲಿ ಕೆಲವು ಊರುಗಳು ಹಳೆಯವನ್ನು ನಾಶಮಾಡಿದ್ದವು. ಯುದ್ಧದ ಬೆಂಕಿಯಲ್ಲಿ ಹೋದವೂ ಇವೆ. ಸಿಗದಿದ್ದರೆ ಅದೇ ವಿಷಯವನ್ನು ಬರೆದುಕೊಡಲು ಕೇಳಿ, ಮುಂದಿನವರು ಮತ್ತೆ ಅದೇ ಕಿಟಕಿಗೆ ಅಲೆಯುವುದು ತಪ್ಪುತ್ತದೆ.

2024ರ ಮಾರ್ಚ್ 1ರಿಂದ ಒಂದು ದೊಡ್ಡ ಅನುಕೂಲವಾಗಿದೆ. ಜಪಾನಿನ ಯಾವುದೇ ಊರಿನ ಕಚೇರಿಯಲ್ಲಿ ಬೇರೆ ಊರುಗಳ ಕೊಸೆಕಿಯನ್ನೂ ಪಡೆಯಬಹುದು. ಷರತ್ತುಗಳು ಬಿಗಿ: ಸ್ವತಃ ಹೋಗಬೇಕು, ಭಾವಚಿತ್ರವಿರುವ ಸರ್ಕಾರಿ ಗುರುತುಪತ್ರ ಬೇಕು, ಸಿಗುವುದು ತನ್ನ, ಸಂಗಾತಿಯ ಮತ್ತು ನೇರ ವಂಶದ ಮೇಲಿನವರ ಹಾಗೂ ಕೆಳಗಿನವರ ದಾಖಲೆ ಮಾತ್ರ. ಅಣ್ಣತಮ್ಮ, ಅಕ್ಕತಂಗಿಯರದು ಸಿಗದು. ಅಂಚೆಯಲ್ಲೂ ಇಲ್ಲ, ಪ್ರತಿನಿಧಿಯ ಮೂಲಕವೂ ಇಲ್ಲ. ನಾಲ್ಕು ತಲೆಮಾರಿನದು ಕೇಳಿದರೆ ಅದೇ ದಿನ ಕೈಗೆ ಬರುವ ಭರವಸೆ ಇಲ್ಲ. ಆದ್ದರಿಂದ ಪ್ರವಾಸದಲ್ಲಿ ಕಚೇರಿ ತೆರೆದಿರುವ ಮೊದಲ ದಿನವೇ ಹೋಗಿ, ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಹೆಸರಿನ ಓದು, ಇಸವಿಯ ಲೆಕ್ಕ

ಕಾಗದ ಸಿಕ್ಕ ಮೇಲೆ ನಿಜವಾದ ತೊಡಕು ಶುರು. ಹಳೆಯ ಕೊಸೆಕಿಯಲ್ಲಿ ಹೆಸರಿನ ಅಕ್ಷರ ಇರುತ್ತದೆ, ಉಚ್ಚಾರ ಇರುವುದಿಲ್ಲ. ಒಂದೇ ಜೋಡಿ ಅಕ್ಷರವನ್ನು ಸಚಿಕೊ ಎಂದೂ ಯುಕಿಕೊ ಎಂದೂ ಓದಬಹುದು. ಉಚ್ಚಾರವನ್ನೂ ದಾಖಲಿಸುವ ವ್ಯವಸ್ಥೆ ಬಂದದ್ದು 2025ರ ಮೇ 26ರಿಂದ, ಅದೂ ಈಗಿನವರಿಗೆ. ತೀರಿಕೊಂಡ ಮುತ್ತಜ್ಜಿಯ ಹೆಸರು ಹೇಗೆ ಕರೆಯುತ್ತಿದ್ದರು ಎಂಬುದು ಬದುಕಿರುವ ಹಿರಿಯರ ಬಾಯಲ್ಲಿ ಮಾತ್ರ ಇದೆ. ಪ್ರತಿ ಹೆಸರನ್ನೂ ಅವರಿಂದಲೇ ಹೇಳಿಸಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದಿಡಿ. ರೋಮನ್ ಲಿಪಿಯಲ್ಲಿ ಬರೆದರೆ ದೀರ್ಘ ಕಳೆದುಹೋಗುತ್ತದೆ: ಪಾಸ್‌ಪೋರ್ಟಿನಲ್ಲಿ ಒನೊ ಮತ್ತು ಓನೊ ಒಂದೇ ಥರ ಕಾಣುತ್ತವೆ, ಅವು ಬೇರೆ ಬೇರೆ ಮನೆತನ. ಈ ಕೆಲಸಕ್ಕೆ ನಮ್ಮ ಲಿಪಿ ಹೇಳಿಮಾಡಿಸಿದಂತಿದೆ.

ಈ ಕಾಗದಗಳಲ್ಲಿ ವರ್ಷ ಇರುವುದು ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ. ಅದನ್ನು ಇಸವಿಗೆ ತಿರುಗಿಸಲು ಈ ಸಂಖ್ಯೆಗಳು ಸಾಕು: ಮೇಜಿ ವರ್ಷಕ್ಕೆ 1867, ತೈಶೋಗೆ 1911, ಶೋವಾಗೆ 1925, ಹೇಸೇಗೆ 1988, ರೇವಾಗೆ 2018 ಕೂಡಿಸಬೇಕು. ಶೋವಾ 20 ಅಂದರೆ 1945. ಮೇಜಿ 6ಕ್ಕೆ, ಅಂದರೆ 1873ಕ್ಕೆ ಮೊದಲಿನ ತಿಂಗಳು, ತೇದಿ ಚಾಂದ್ರಮಾನದವು. ಅವನ್ನು ಹಾಗೆಯೇ ಇಂಗ್ಲಿಷ್ ಕ್ಯಾಲೆಂಡರಿಗೆ ಹಾಕಬಾರದು. ಗೋರಿಯ ಮೇಲಿನ ವಯಸ್ಸನ್ನೂ ನೋಡಿಕೊಳ್ಳಿ. ಹಳೆಯ ಲೆಕ್ಕದಲ್ಲಿ ಹುಟ್ಟಿದಾಗಲೇ 1 ವರ್ಷ, ಆಮೇಲೆ ಪ್ರತಿ ಹೊಸವರ್ಷಕ್ಕೆ ಒಂದು ಸೇರುತ್ತದೆ. ಹಾಗಾಗಿ ಕಲ್ಲಿನ ವಯಸ್ಸು ನಿಜವಾದದ್ದಕ್ಕಿಂತ ಒಂದೋ ಎರಡೋ ಹೆಚ್ಚು. ಕೊಸೆಕಿಗೂ ಕಲ್ಲಿಗೂ ಹೊಂದಲಿಲ್ಲವೆಂದು ಗಾಬರಿಯಾಗುವವರು ಮೊದಲು ಇದನ್ನು ಕಳೆದು ನೋಡಬೇಕು.

ಅಜ್ಜಿಯ ದನಿ

ಕೊಸೆಕಿ ಕಾಯುತ್ತದೆ, ಅಜ್ಜಿ ಕಾಯುವುದಿಲ್ಲ. ಎರಡರಲ್ಲಿ ಒಂದಕ್ಕೆ ಮಾತ್ರ ಈ ವರ್ಷ ಪುರುಸೊತ್ತು ಇದೆ ಅನ್ನುವವರು ದನಿ ಹಿಡಿಯಲಿ.

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ನಮ್ಮ ಮಧ್ಯಾಹ್ನ 3:30 ಅನುಕೂಲವೆನಿಸುತ್ತದೆ, ಆದರೆ ಆಗ ಅಲ್ಲಿ ಸಂಜೆ 7, ಎನ್‌ಎಚ್‌ಕೆ ವಾರ್ತೆಯ ಹೊತ್ತು. ಮುದುಕರ ಕಿವಿ ಟಿವಿಯ ಕಡೆಗಿರುತ್ತದೆ. ಶನಿವಾರ ಅಥವಾ ಭಾನುವಾರ ನಮ್ಮ ಬೆಳಿಗ್ಗೆ 10, ಅಲ್ಲಿ 1:30, ಊಟ ಮುಗಿದಿರುತ್ತದೆ. ಮಾತು 30-40 ನಿಮಿಷಕ್ಕೆ ನಿಲ್ಲಿಸಿ, ಆಮೇಲೆ ಬರುವ ಉತ್ತರಗಳು ಮೊಟಕಾಗುತ್ತವೆ. ವಿಡಿಯೊ ಕರೆಯನ್ನೇ ರೆಕಾರ್ಡ್ ಮಾಡಿದರೆ ದನಿ ಹಿಂಡಿದಂತೆ ಬರುತ್ತದೆ, ನಡುನಡುವೆ ಅಕ್ಷರವೇ ನುಂಗಿಹೋಗುತ್ತದೆ. ಅಲ್ಲಿರುವ ಯಾರಾದರೂ ಎರಡನೆಯ ಫೋನಿನಲ್ಲಿ ಧ್ವನಿಮುದ್ರಣ ಹಾಕಿ, ಮಡಿಸಿದ ಟವೆಲಿನ ಮೇಲೆ, ಬಾಯಿಂದ ಒಂದು ಗೇಣು ದೂರದಲ್ಲಿ ಇಡಲಿ. ಟವೆಲ್ ಇಲ್ಲದಿದ್ದರೆ ಟೀ ಬಟ್ಟಲು ಇಟ್ಟ ಸದ್ದೆಲ್ಲ ಮೇಜಿನ ಮೂಲಕ ಬಂದು ಗುದ್ದುತ್ತದೆ. ಆಗಸ್ಟಿನಲ್ಲಿ ಕಿಟಕಿ ಮುಚ್ಚಿಸಿ, ಜೀರುಂಡೆಯ ಅಬ್ಬರಕ್ಕೆ ಮಾತು ಕೇಳುವುದಿಲ್ಲ.

‘ನಿಮ್ಮ ಬಾಲ್ಯ ಹೇಗಿತ್ತು’ ಎಂಬ ಪ್ರಶ್ನೆಗೆ ‘ಎಲ್ಲರ ಹಾಗೇ ಕಷ್ಟವಿತ್ತು’ ಎಂಬ ಒಂದು ಸಾಲು ಬರುತ್ತದೆ, ಅಷ್ಟೆ. ವಸ್ತು, ಜಾಗ, ಕೆಲಸ ಹಿಡಿದು ಕೇಳಿ. ರಾತ್ರಿ ಯಾರು ಎಲ್ಲಿ ಮಲಗುತ್ತಿದ್ದಿರಿ, ಬಚ್ಚಲಿಗೆ ನೀರು ಯಾರು ಹೊರುತ್ತಿದ್ದರು, ಶಾಲೆಯ ದಾರಿಯಲ್ಲಿ ಮೊದಲು ಸಿಗುವ ಅಂಗಡಿ ಯಾವುದು. ಕಗಾವ ಮಳೆ ಕಡಿಮೆಯ ನಾಡು, ಸಾವಿರಾರು ಕೆರೆಗಳ ಮೇಲೆ ನಿಂತ ಬೇಸಾಯ. ಮಾನ್ನೊ ಕೆರೆಯನ್ನು 821ರಲ್ಲಿ ಕೂಕಾಯ್ ಎಂಬ ಬೌದ್ಧ ಗುರು ದುರಸ್ತಿ ಮಾಡಿಸಿದರೆಂದು ಅಲ್ಲಿ ಮಕ್ಕಳಿಗೂ ಗೊತ್ತು. ‘ನಿಮ್ಮ ಗದ್ದೆಗೆ ಯಾವ ಕೆರೆಯ ನೀರು, ಸರದಿ ಯಾರು ನೋಡುತ್ತಿದ್ದರು’ ಎಂದು ಕೇಳಿ ನೋಡಿ, ಅತ್ತೆಮಾವ ಇಬ್ಬರೂ ಒಟ್ಟಿಗೆ ಮಾತಿಗಿಳಿಯುತ್ತಾರೆ. ಕೆರೆಯ ಸರದಿ ಜಗಳ ನಮ್ಮ ಹಳ್ಳಿಗಳಿಗೂ ಹೊಸದಲ್ಲವಾದ್ದರಿಂದ ಇಲ್ಲಿಂದ ಮುಂದಿನ ಪ್ರಶ್ನೆ ಕೇಳುವುದೂ ಸುಲಭ.

ಇಸವಿ ಅವರಿಗೆ ನೆನಪಿರುವುದಿಲ್ಲ, ‘ಅದಕ್ಕಿಂತ ಮುಂಚೆಯೋ ಆಮೇಲೋ’ ನೆನಪಿರುತ್ತದೆ. ಆ ಊರಿನ ದೊಡ್ಡ ಘಟನೆಗಳ ಪಟ್ಟಿ ಕೈಯಲ್ಲಿರಲಿ. ಕಗಾವಕ್ಕೆ ನಾವು ಇಟ್ಟುಕೊಂಡಿರುವುದು: 1945ರ ಜುಲೈ 4ರ ತಕಮತ್ಸು ನಗರದ ಮೇಲಿನ ಬಾಂಬ್ ದಾಳಿ, 1955ರ ಮೇ 11ರಂದು 168 ಜನ ಸತ್ತ ಶಿಉನ್‌ಮಾರು ಹಡಗಿನ ದುರಂತ, 1988ರ ಏಪ್ರಿಲ್ 10ರಂದು ಶಿಕೊಕುವನ್ನು ಮುಖ್ಯ ದ್ವೀಪಕ್ಕೆ ಜೋಡಿಸುವ ಸೆತೊ ಸೇತುವೆ ತೆರೆದದ್ದು, 1994ರ ಬರಗಾಲ. ‘ಹಡಗಿನಲ್ಲಿ ಹೋಗಿದ್ದೆವು’ ಅಂದರೆ ಅದು ಸೇತುವೆಗೆ ಮುಂಚೆ, ಹಡಗಿನ ಮೇಲೆ ನಿಂತು ಉದೊನ್ ಎಂಬ ದಪ್ಪ ಶಾವಿಗೆ ತಿಂದದ್ದೂ ಜೊತೆಗೇ ಬರುತ್ತದೆ. ಬಾಂಬ್ ದಾಳಿಯ ಸುದ್ದಿಯನ್ನು ನಾವಾಗಿ ಎತ್ತುವುದಿಲ್ಲ, ಮಕ್ಕಳು ಪಕ್ಕದಲ್ಲಿರುವಾಗ ಅಂತೂ ಇಲ್ಲ. ಅವರೇ ಅತ್ತ ತಿರುಗಿದರೆ ಸುಮ್ಮನೆ ಕೇಳುವುದು, ನಡುವೆ ಪ್ರಶ್ನೆ ಹಾಕದಿರುವುದು.

ಕಡತದ ಹೆಸರಿನಲ್ಲಿ ಮೊದಲು ವರ್ಷ, ತಿಂಗಳು, ದಿನ, ಆಮೇಲೆ ಮಾತಾಡಿದವರು, ಆಮೇಲೆ ವಿಷಯ. ಅದೇ ದಿನ ಒಂದು ಹಾಳೆಯಲ್ಲಿ ‘12ನೆಯ ನಿಮಿಷ, ಕೆರೆ, 21ನೆಯ ನಿಮಿಷ, ದೊಡ್ಡಪ್ಪನ ಮದುವೆ’ ಎಂದು ಗುರುತು ಮಾಡಿಡಿ. ಈ ಹಾಳೆ ಇಲ್ಲದ ಧ್ವನಿಮುದ್ರಣವನ್ನು ಮುಂದೆ ಯಾರೂ ಪೂರ್ತಿ ಕೇಳುವುದಿಲ್ಲ. ಮಾತನ್ನು ತಾನೇ ಬರಹಕ್ಕಿಳಿಸುವ ತಂತ್ರಾಂಶ ಸನುಕಿ, ಅಂದರೆ ಕಗಾವದ, ಆಡುಮಾತಿಗೆ ಎಡವುತ್ತದೆ. ‘ಎಲ್ಲವೂ’ ಅನ್ನಲು ಅಜ್ಜಿ ‘ಮಂದೆಗನ್’ ಅಂದರೆ ಅಲ್ಲಿ ಏನೋ ಬೇರೆ ಅಕ್ಷರ ಬಂದು ಕೂತಿರುತ್ತದೆ. ಅಂಥ ಮಾತುಗಳನ್ನು ಕೈಯಲ್ಲೇ ಬರೆಯಬೇಕು.

ಆಲ್ಬಮ್ಮು, ಅಂಚೆಕಾರ್ಡು

ಶೋವಾ ಕಾಲದ ಕೊನೆಯ ದಶಕಗಳ ಆಲ್ಬಮ್‌ಗಳಲ್ಲಿ ಹೆಚ್ಚಿನವು ಅಂಟು ಹಾಳೆಯ ಮೇಲೆ ಪಾರದರ್ಶಕ ಪದರ ಹೊದಿಸಿದ ಬಗೆಯವು. ಫೋಟೊ ಕೀಳಲು ಹೋಗುವ ಮೊದಲು ಹಾಳೆಯನ್ನು ಇಡಿಯಾಗಿ ಸ್ಕ್ಯಾನ್ ಮಾಡಿ, ಏಕೆಂದರೆ ಯಾವುದರ ಪಕ್ಕ ಯಾವುದು ಇತ್ತು, ಕೆಳಗೆ ಏನು ಬರೆದಿತ್ತು ಎಂಬುದೂ ದಾಖಲೆಯೇ. ಕೀಳಲೇಬೇಕಾದರೆ ಹಲ್ಲಿನ ಸಂದು ಶುಚಿಮಾಡುವ ದಾರವನ್ನು ಫೋಟೊದ ಹಿಂದೆ ಗರಗಸದಂತೆ ಆಡಿಸಿ ಬಿಡಿಸಿ. ಬಾಗಿಸಿದರೆ ಮೇಲಿನ ಪದರ ಬಿರುಕು ಬಿಡುತ್ತದೆ. ಜಪಾನಿನ ಸಾಮಾನ್ಯ ಅಳತೆ 89×127 ಮಿಲಿಮೀಟರ್, ಅದಕ್ಕೆ 600 ಡಿಪಿಐ ಸಾಕು. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೊ ಮೊಹರಿನಲ್ಲಿ ಊರು ಸಿಗುತ್ತದೆ.

ಅಂಚೆಕಾರ್ಡಿನ ಮೊಹರಿನಲ್ಲಿ ಕ್ರಮ ವರ್ಷ, ತಿಂಗಳು, ದಿನ. ವರ್ಷ ಸಾಮಾನ್ಯವಾಗಿ ಚಕ್ರವರ್ತಿಯ ಆಳ್ವಿಕೆಯದು. 52.1.1 ಅಂದರೆ ಶೋವಾ 52, 1977ರ ಜನವರಿ 1. ಇದನ್ನು 1952 ಎಂದು ಓದುವುದು ತೀರ ಸಾಮಾನ್ಯ. ಹೊಸವರ್ಷದ ಕಾರ್ಡುಗಳ ಕಟ್ಟು ಬಂಧುಬಳಗದ ವಿಳಾಸ ಪುಸ್ತಕವಿದ್ದಂತೆ. ಅದಕ್ಕಿಂತ ಬೆಲೆಬಾಳುವುದು ನವೆಂಬರ್, ಡಿಸೆಂಬರಿನಲ್ಲಿ ಬರುವ ಸೂತಕದ ಕಾರ್ಡು: ಯಾರು ತೀರಿಕೊಂಡರು, ಎಷ್ಟು ವಯಸ್ಸು, ಕಳಿಸಿದವರಿಗೆ ಏನಾಗಬೇಕು, ಮೂರೂ ಒಂದೇ ಕಡೆ. ಮನೆ ಶುಚಿಮಾಡುವಾಗ ಮೊದಲು ಕಸದ ಬುಟ್ಟಿಗೆ ಬೀಳುವುದೂ ಅದೇ.

ಹೊಸವರ್ಷದ ಸಾರು

ಒಂದೇ ಒಂದು ಅಡುಗೆ ಮಕ್ಕಳಿಗೆ ದಾಟಿಸಬೇಕೆಂದರೆ ಒಜೋನಿ. ಹೊಸವರ್ಷದ ಬೆಳಿಗ್ಗೆ ತಿನ್ನುವ ಮೊಚಿ ಸಾರು. ಮೊಚಿ ಅಂದರೆ ಬೇಯಿಸಿದ ಅಂಟಕ್ಕಿಯನ್ನು ಕುಟ್ಟಿ ಮಾಡಿದ ಉಂಡೆ. ಟೋಕಿಯೊ ಕಡೆ ಚೌಕದ ಮೊಚಿ ಸುಟ್ಟು ತಿಳಿಸಾರಿಗೆ ಹಾಕುತ್ತಾರೆ, ಕ್ಯೋಟೊ ಕಡೆ ದುಂಡು ಮೊಚಿ, ಬಿಳಿ ಮಿಸೊ (ಹುದುಗಿಸಿದ ಸೋಯಾ ಮುದ್ದೆ). ಕಗಾವದಲ್ಲಿ ಸಿಹಿ ಹೂರಣ ತುಂಬಿದ ದುಂಡು ಮೊಚಿಯನ್ನೇ ಬಿಳಿ ಮಿಸೊ ಸಾರಿನಲ್ಲಿ ಮುಳುಗಿಸುತ್ತಾರೆ. ಬೇರೆ ಸೀಮೆಯ ಜಪಾನಿಯರೇ ಇದಕ್ಕೆ ಮೂಗು ಮುರಿಯುವುದುಂಟು. ಹೋಳಿಗೆ ಜೊತೆ ಕಟ್ಟಿನ ಸಾರು ಉಂಡವರಿಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ.

ನಾಲ್ವರಿಗೆ: ಅಂಟಕ್ಕಿ 300 ಗ್ರಾಂ. ಜಪಾನಿನದು ಸಿಗದಿದ್ದರೆ ಅಸ್ಸಾಮಿನ ಬೋರಾ ಅಕ್ಕಿ ಆಗುತ್ತದೆ, ಈಶಾನ್ಯ ರಾಜ್ಯದವರ ಅಂಗಡಿಗಳಲ್ಲಿ ಕೇಳಿ. ಇಡ್ಲಿ ಅಕ್ಕಿ, ದೋಸೆ ಅಕ್ಕಿ ಎಷ್ಟು ಕುಟ್ಟಿದರೂ ಮೊಚಿ ಆಗದು. ಅವುಗಳ ಪಿಷ್ಟದಲ್ಲಿ ಅಮೈಲೋಸ್ ಇರುವುದರಿಂದ ಆರಿದ ಮೇಲೆ ಬಿರುಸಾಗಿ ಒಡೆಯುತ್ತದೆ. ರಾತ್ರಿಯಿಡೀ ನೆನೆಸಿ, ಬೇಸಿಗೆಯಾದರೆ ಫ್ರಿಜ್ಜಿನಲ್ಲಿ. ಅರ್ಧ ಗಂಟೆ ನೀರು ಬಸಿದು, ಇಡ್ಲಿ ಪಾತ್ರೆಯಲ್ಲಿ ಒದ್ದೆ ಬಟ್ಟೆ ಹಾಸಿ 40 ನಿಮಿಷ ಬೇಯಿಸಿ. ಬಿಸಿಯಿರುವಾಗಲೇ ಒರಳಿಗೆ ಹಾಕಿ, ಮೊದಲು ಒನಕೆಯಿಂದ ಒತ್ತಿ ಒತ್ತಿ ಕಾಳು ಮುರಿಯಬೇಕು, ಆಮೇಲೆ ಕುಟ್ಟಬೇಕು. ಮೊದಲೇ ಕುಟ್ಟಿದರೆ ಅಕ್ಕಿ ಸಿಡಿದು ಗೋಡೆಗೆ ಹತ್ತುತ್ತದೆ. ವೆಟ್ ಗ್ರೈಂಡರಿಗೆ ಹಾಕಬೇಡಿ, ಕಲ್ಲಿಗೆ ಸುತ್ತಿಕೊಂಡು ನಿಂತುಬಿಡುತ್ತದೆ.

ಹೂರಣಕ್ಕೆ ಅಜುಕಿ ಕಾಳು 100 ಗ್ರಾಂ, ಇಲ್ಲವಾದರೆ ಸಣ್ಣ ಕೆಂಪು ಅಲಸಂದೆ. ಅಲಸಂದೆ ಹೊರಗಿನದೇನಲ್ಲ, ಟೋಕಿಯೊ ಕಡೆ ಹಬ್ಬದ ಕೆಂಪನ್ನಕ್ಕೆ ಅದನ್ನೇ ಹಾಕುತ್ತಾರೆ. ಮೆತ್ತಗೆ ಬೇಯಿಸಿ, ಸಕ್ಕರೆ 90 ಗ್ರಾಂ, ಚಿಟಿಕೆ ಉಪ್ಪು, ಗಟ್ಟಿಯಾಗುವವರೆಗೆ ಕೈಯಾಡಿಸಿ. ಬೆಲ್ಲ, ಏಲಕ್ಕಿ, ತುಪ್ಪ ಹಾಕುವ ಆಸೆ ಬರುತ್ತದೆ, ಹಾಕಿದರೆ ಅದು ನಮ್ಮಮ್ಮನ ಹೋಳಿಗೆಯಾಗುತ್ತದೆ, ಅತ್ತೆಯ ಮೊಚಿ ಆಗುವುದಿಲ್ಲ.

ಸಾರಿಗೆ ಇರಿಕೊ, ಅಂದರೆ ಕುದಿಸಿ ಒಣಗಿಸಿದ ಸಣ್ಣ ಮೀನು. ಕಗಾವದ ಇಬುಕಿ ದ್ವೀಪದ್ದು ಹೆಸರುವಾಸಿ. ಒಂದು ಲೀಟರ್ ನೀರಿಗೆ 20 ಗ್ರಾಂ. ತಲೆ, ಹೊಟ್ಟೆ ತೆಗೆಯದಿದ್ದರೆ ಕಹಿ. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ 10 ನಿಮಿಷ. ಮಂಗಳೂರು ಕಡೆಯ ಒಣ ಕೊಲ್ಲತರು ಹತ್ತಿರದ ಜಾತಿ, ಆದರೆ ಉಪ್ಪು ಹಾಕಿ ಒಣಗಿಸಿದ್ದಾದರೆ ತೊಳೆದು, ಅರ್ಧದಷ್ಟೇ ಬಳಸಿ. ಮೀನು ತಿನ್ನದ ಮನೆಯಲ್ಲಿ ಕೊಂಬು ಕಡಲಪಾಚಿ 10 ಗ್ರಾಂ. ಸೋಸಿದ ಸಾರು 800 ಮಿಲಿಲೀಟರಿಗೆ ಬಿಳಿ ಮಿಸೊ 120 ಗ್ರಾಂ. ಇಷ್ಟು ಹಾಕಬಹುದಾದ್ದು ಬಿಳಿ ಮಿಸೊದಲ್ಲಿ ಉಪ್ಪು ಕಡಿಮೆ ಇರುವುದರಿಂದ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕಂದು ಮಿಸೊವನ್ನು ಇದೇ ಅಳತೆಯಲ್ಲಿ ಹಾಕಿದರೆ ಬಾಯಿಗಿಡಲಾಗದು. ಮೂಲಂಗಿ, ಕ್ಯಾರೆಟ್ ದುಂಡಗೆ ಹೆಚ್ಚಬೇಕು. ಅಲ್ಲಿನ ಕಿಂತೊಕಿ ಕ್ಯಾರೆಟ್ಟಿನ ಕಡುಗೆಂಪು ಬಣ್ಣಕ್ಕೆ ಚಳಿಗಾಲದಲ್ಲಿ ಬರುವ ದೆಹಲಿ ಕ್ಯಾರೆಟ್ಟೇ ಸರಿ, ಊಟಿಯದು ಬೇಡ. ಮೊಚಿಯನ್ನು ಬೇರೆ ಪಾತ್ರೆಯಲ್ಲಿ, ಕುದಿಯದ ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಬಟ್ಟಲಿಗೆ ಹಾಕಿ, ಮೇಲೆ ಸಾರು ಸುರಿಯಿರಿ. ಕುದಿಸಿದರೆ ಒಡೆದು ಹೂರಣವೆಲ್ಲ ಹೊರಗೆ. ಚಿಕ್ಕ ಮಕ್ಕಳಿಗೂ ನುಂಗಲು ಕಷ್ಟವಿರುವ ಹಿರಿಯರಿಗೂ ಮೊಚಿ ಕೊಡಬೇಡಿ. ಜಪಾನಿನಲ್ಲಿ ಹೊಸವರ್ಷದ ಹೊತ್ತಿಗೆ ಮೊಚಿ ಗಂಟಲಿಗೆ ಸಿಕ್ಕಿ ಸಾಯುವವರಿದ್ದಾರೆ. ಉಳಿದವರಿಗೆ ಕತ್ತರಿಯಲ್ಲಿ ಸಣ್ಣಗೆ ತುಂಡುಮಾಡಿ.

ಅಜ್ಜಿ ಮಾಡದ್ದನ್ನು ಅಜ್ಜಿಯದೆನ್ನಬೇಡಿ

ಗತಿಸಿದ ಹಿರಿಯರನ್ನು ಬರಮಾಡಿಕೊಳ್ಳುವ ಬೊನ್ ಹಬ್ಬಕ್ಕೆ ಸೌತೆಕಾಯಿಯ ಕುದುರೆ, ಬದನೆಕಾಯಿಯ ಹಸು ಮಾಡಿಡುವುದು ನೋಡಲು ಚಂದ, ಮಕ್ಕಳಿಗೂ ಇಷ್ಟ. ಆದರೆ ಅದು ಹೆಚ್ಚಾಗಿ ಪೂರ್ವ ಜಪಾನಿನ ಪದ್ಧತಿ, ಜೋದೊ ಶಿನ್‌ಶೂ ಎಂಬ ಬೌದ್ಧ ಪಂಥದ ಮನೆಗಳಲ್ಲಿ ಸಾಮಾನ್ಯವಾಗಿ ಇಲ್ಲ. ಫೆಬ್ರುವರಿಯ ಮೊದಲ ದಿನಗಳಲ್ಲಿ ಬರುವ ಸೆತ್ಸುಬುನ್ ದಿನ ದಪ್ಪ ಸುಶಿ ಸುರುಳಿ ತಿನ್ನುವುದು ಒಸಾಕಾದಿಂದ ಅಂಗಡಿಗಳ ಮೂಲಕ ದೇಶಕ್ಕೆಲ್ಲ ಹರಡಿದ್ದು ಈಚೆಗೆ. ಏನನ್ನಾದರೂ ಶುರುಮಾಡುವ ಮೊದಲು ‘ನಿಮ್ಮ ಮನೆಯಲ್ಲಿ ಮಾಡುತ್ತಿದ್ದಿರಾ’ ಎಂದು ಕೇಳುವುದು ಒಂದು ಫೋನ್ ಕರೆಯ ಕೆಲಸ. ಬೆಂಗಳೂರಿನ ಜಪಾನ್ ಹಬ್ಬಕ್ಕೆ ಹೋಗಿ ಬನ್ನಿ, ಸಂತೋಷ. ಅಲ್ಲಿ ನೋಡಿದ್ದೆಲ್ಲ ನಮ್ಮ ಮನೆಯದು ಅನ್ನುವುದು ಬೇಡ.

ಭಾಷೆಯ ಬಗ್ಗೆ ಚುಟುಕಾಗಿ. ಜಪಾನಿ ರಾಷ್ಟ್ರೀಯತೆಯ ಮಕ್ಕಳಿಗೆ ಕಡ್ಡಾಯ ಶಿಕ್ಷಣದ ವಯಸ್ಸಿನಲ್ಲಿ ಪಠ್ಯಪುಸ್ತಕ ಕಾನ್ಸುಲೇಟಿನ ಮೂಲಕ ಉಚಿತ. ವಾರಾಂತ್ಯದ ಪೂರಕ ಶಾಲೆಯೂ ಬೆಂಗಳೂರಿನಲ್ಲಿದೆ. ಒಂದನೆಯ ತರಗತಿಗೆ 80 ಕಾಂಜಿ (ಚೀನೀ ಮೂಲದ ಅಕ್ಷರ), ಎರಡಕ್ಕೆ 160, ಮೂರಕ್ಕೆ 200, ನಾಲ್ಕಕ್ಕೆ 202. ಕನ್ನಡ, ಇಂಗ್ಲಿಷ್, ಹಿಂದಿಯ ಜೊತೆ ಇದನ್ನೂ ಹೊರುವ ಮಗು ಕೈಚೆಲ್ಲುವುದು ಮೂರು, ನಾಲ್ಕರ ಹೊತ್ತಿಗೆ. ಪೂರ್ತಿ ನಿಲ್ಲಿಸುವ ಬದಲು ಗುರಿ ಇಳಿಸಿ: ಉಚ್ಚಾರವನ್ನಷ್ಟೇ ಬರೆಯುವ ಹಿರಾಗಾನ, ಕತಾಕಾನ ಲಿಪಿಗಳು, ಮೊದಲ 240 ಕಾಂಜಿ, ಜೊತೆಗೆ ಮನೆಯವರ ಹೆಸರು ಮತ್ತು ಊರಿನ ಅಕ್ಷರಗಳು. ಕಷ್ಟದ ಅಕ್ಷರದ ಪಕ್ಕ ಹಿರಾಗಾನ ಬರೆಯಲು ಅಜ್ಜಿಗೆ ಹೇಳಿದರೆ ಅವರ ಕಾಗದ ಓದಲು ಇಷ್ಟು ಸಾಕು.

ಗೋರಿಯ ಮುಂದೆ

ಹಳ್ಳಿಯ ಗೋರಿ ನೋಡಿಕೊಳ್ಳುವವರಿಲ್ಲದೆ ಅದನ್ನು ಮುಚ್ಚಿ ಅಸ್ಥಿಯನ್ನು ಬೇರೆಡೆಗೆ ಸಾಗಿಸುವುದು ಜಪಾನಿನಲ್ಲಿ ಹೆಚ್ಚುತ್ತಿದೆ. ಕಲ್ಲು ಒಡೆದ ಮೇಲೆ ಅದರ ಬರಹವೂ ಹೋಯಿತು. ಮುಂದಿನ ಭೇಟಿಯಲ್ಲೇ ಎದುರು, ಎರಡೂ ಪಕ್ಕ, ಹಿಂಬದಿ, ಜೊತೆಗೆ ನಿಲ್ಲಿಸಿದ ಹೆಸರುಕಲ್ಲು, ಎಲ್ಲದರ ಚಿತ್ರ ತೆಗೆಯಿರಿ. ಮನೆತನದ ಲಾಂಛನವೂ ಅಲ್ಲೇ ಕೆತ್ತಿರುತ್ತದೆ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಕೆತ್ತನೆ ಎದ್ದು ಕಾಣುತ್ತದೆ. ಸವೆದ ಅಕ್ಷರಕ್ಕೆ ಸೀಮೆಸುಣ್ಣ, ಹಿಟ್ಟು, ತಂತಿ ಬ್ರಷ್ಷು ಯಾವುದೂ ಬೇಡ. ಗೋರಿಗೆ ನೀರು ಎರೆಯುವುದು ಅಲ್ಲಿನ ಪದ್ಧತಿಯೇ, ಎರೆದ ಮೇಲೆ ಕಲ್ಲು ಆರುವಾಗ ಮೇಲ್ಮೈ ಮೊದಲು ಒಣಗಿ ಅಕ್ಷರದ ಗುಳಿಗಳು ಕಪ್ಪಾಗಿ ಉಳಿಯುತ್ತವೆ, ಚಿತ್ರ ಆಗ ತೆಗೆಯಬೇಕು. ದೇವಾಲಯದ ಮರಣ ದಾಖಲೆ ಪುಸ್ತಕವನ್ನು ತೋರಿಸಿ ಎಂದು ಒತ್ತಾಯಿಸಬೇಡಿ. ವಂಶ ಕೆದಕುವ ದುರ್ಬಳಕೆಯ ಇತಿಹಾಸ ಇರುವುದರಿಂದ ಹೆಚ್ಚಿನ ಕಡೆ ತೋರಿಸುವುದಿಲ್ಲ. ನಮ್ಮ ಮನೆಯವರ ಹೆಸರು, ದಿನಾಂಕ ಮಾತ್ರ ಬರೆದುಕೊಡಬಹುದೇ ಎಂದು ಮೊದಲೇ ಕಾಗದ ಬರೆದು ಕೇಳಬಹುದು. ಬೊನ್ ವಾರದಲ್ಲಿ ಮಾತ್ರ ಬೇಡ, ಆಗ ಅರ್ಚಕರಿಗೆ ಮನೆಮನೆ ಸುತ್ತುವ ಕೆಲಸ.